ಅಣ್ಣನ ಅಕ್ಷರ, ನಸುಗುನ್ನಿ ಮತ್ತು ಒಂದು ಲೋಹ

ಕಳೆದ ವಾರ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರಲ್ಲಿದ್ದ ಹಳೆಯ ಕಾಗದಪತ್ರಗಳನ್ನು ಅಂಗಳದ ಬಿಸಿಲಿಗೆ ಹರಡಿದೆ. ಗೆದ್ದಲು ಹಿಡಿಯುವ ಮುನ್ನ ಬೇಕಾದುದನ್ನು ಉಳಿಸಿಕೊಂಡು ಉಳಿದುದನ್ನು ಹಂಡೆಯ ಒಲೆಗೆ ಹಾಕಬೇಕೆಂದು ನನ್ನಾಕೆ ಬಹಳ ದಿನಗಳಿಂದ ಹೇಳುತ್ತಿದ್ದಳು. ಪೆಟ್ಟಿಗೆಯ ತಳದಲ್ಲಿ, ಅಡಿಕೆ ಹಾಳೆಯಲ್ಲಿ ಸುತ್ತಿ ಬಾಳೆಪಟ್ಟೆಯ ನಾರಿನಿಂದ ಬಿಗಿದ ಒಂದು ಕಟ್ಟು ಸಿಕ್ಕಿತು. ಅದು ಅಣ್ಣ ನನಗೆ ಬರೆದ ಅಂಚೆ ಕಾರ್ಡುಗಳ ಕಟ್ಟು.

ನಮ್ಮ ತಂದೆಯವರು ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಣ್ಣನಿಗೆ ಇಪ್ಪತ್ತೊಂದು. ಓದು ಬಿಟ್ಟು ತೋಟಕ್ಕಿಳಿದವನು ಅವನು. ಅವನ ದುಡಿಮೆಯಿಂದ ಓದಿ ಮೇಷ್ಟರಾದವನು ನಾನು. ನಾನು ಊರು ಬಿಟ್ಟ ದಿನದಿಂದ ವಾರಕ್ಕೊಂದು ಕಾರ್ಡು ಬರೆಯುವುದನ್ನು ಆತ ತಪ್ಪಿಸಿದವನಲ್ಲ. ಅವನ ಅಕ್ಷರ ಬಹು ದುಂಡು. ಊರಿನ ಲಗ್ನಪತ್ರಿಕೆಗಳೂ ಪಹಣಿಯ ಅರ್ಜಿಗಳೂ ಅವನ ಕೈಯಿಂದಲೇ ಆಗಬೇಕಿತ್ತು.

ಕಾರ್ಡುಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ, ಅಂದು ನನ್ನ ಕಣ್ಣಿಗೆ ಬೀಳದಿದ್ದ ಸಂಗತಿಯೊಂದು ನಿಚ್ಚಳವಾಗಿ ಕಂಡಿತು. 1995ರಿಂದ ಅಕ್ಷರಗಳು ಸಣ್ಣಗಾಗುತ್ತ ಬಂದಿವೆ. ಸಾಲಿನ ಮೊದಲ ಪದ ಮೊದಲಿನ ಗಾತ್ರದಲ್ಲಿಯೇ ಇದ್ದರೂ ಕೊನೆಯ ಪದ ಸಾಸಿವೆಯಷ್ಟು ಕಿರಿದಾಗಿದೆ. 1996ರ ಕೊನೆಗೆ ಇಡೀ ಕಾರ್ಡು ಇರುವೆಗಳ ಸಾಲಿನಂತಿದೆ. ನಾನು ಅವನಿಗೆ ಕೊಟ್ಟ ಉತ್ತರವೂ ನೆನಪಿದೆ: "ಕಾಗದ ಉಳಿಸುವ ಈ ಜಿಪುಣತನ ಯಾವಾಗಿನಿಂದ?" ಅದು ಪಾರ್ಕಿನ್ಸನ್ ಕಾಯಿಲೆಯ ಮೊದಲ ಲಕ್ಷಣಗಳಲ್ಲೊಂದೆಂದು ಆಗ ನನಗೆ ತಿಳಿದಿರಲಿಲ್ಲ. 1997ರಲ್ಲಿ ಬಲಗೈ ನಡುಗತೊಡಗಿದ ಮೇಲೆ ಮಂಗಳೂರಿನ ನರರೋಗ ತಜ್ಞರಲ್ಲಿಗೆ ಕರೆದೊಯ್ದೆವು. ಅವರು ಬರೆದುಕೊಟ್ಟ ಗುಳಿಗೆಯಲ್ಲಿದ್ದ ಮುಖ್ಯ ಔಷಧದ ಹೆಸರು ಲೆವೊಡೋಪಾ. ಗುಳಿಗೆ ಆರಂಭಿಸಿ ಕೆಲವು ವಾರಗಳಾದ ಮೇಲೆ ಬಂದ ಕಾರ್ಡಿನಲ್ಲಿ ಅಕ್ಷರಗಳು ಮತ್ತೆ ದುಂಡಗಾಗಿವೆ. ಅಂಗಳದಲ್ಲಿ ಕುಳಿತು ಆ ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದೆ.

ಈ ಗುಳಿಗೆಯ ಕಥೆಯನ್ನೂ, ಅದರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕೆನಿಸಿತು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹತ್ತನೆಯ ತರಗತಿಯ ರಸಾಯನ ಪಾಠ ನೆನಪಿರಬಹುದು. "ದ್ರವರೂಪದ ಸಸ್ಯಜನ್ಯ ಎಣ್ಣೆಯನ್ನು ನಿಕಲ್ ಕ್ರಿಯಾವರ್ಧಕದ ಸಮ್ಮುಖದಲ್ಲಿ ಜಲಜನಕದೊಡನೆ ವರ್ತಿಸುವಂತೆ ಮಾಡಿದಾಗ ಘನರೂಪದ ವನಸ್ಪತಿ ದೊರೆಯುತ್ತದೆ." ಈ ವಾಕ್ಯವನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ಕರಿಹಲಗೆಯ ಮೇಲೆ ಬರೆದಿದ್ದೇನೆ, ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೇನೆ. ಎಣ್ಣೆಯ ಅಣುವಿನ ಉದ್ದನೆಯ ಸರಪಳಿಯಲ್ಲಿ ಇಂಗಾಲದ ಎರಡು ಪರಮಾಣುಗಳ ನಡುವೆ ಅಲ್ಲಲ್ಲಿ ದ್ವಿಬಂಧಗಳಿರುತ್ತವೆ. ಆ ಸ್ಥಳದಲ್ಲಿ ಸರಪಳಿ ಬಾಗಿರುವುದರಿಂದ ಅಣುಗಳು ಒತ್ತೊತ್ತಾಗಿ ಕೂಡಲಾರವು, ಆದ್ದರಿಂದ ಎಣ್ಣೆ ದ್ರವವಾಗಿರುತ್ತದೆ. ಜಲಜನಕ ಸೇರಿ ದ್ವಿಬಂಧ ಕಳೆದರೆ ಸರಪಳಿ ನೇರವಾಗುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ. ನುಣ್ಣನೆಯ ಲೋಹದ ಪುಡಿಯಿಂದ ಹೀಗೆ ಜಲಜನಕವನ್ನು ಸೇರಿಸಬಹುದೆಂದು ತೋರಿಸಿದವನು ಫ್ರಾನ್ಸಿನ ಪಾಲ್ ಸಬಾಟಿಯೆ. ಅದಕ್ಕಾಗಿ 1912ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದ. ಎಣ್ಣೆಗೆ ಈ ವಿಧಾನವನ್ನು ಅನ್ವಯಿಸಿ 1902ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್.

ನಾನು ಪಾಠದಲ್ಲಿ ಹೇಳದೆ ಬಿಟ್ಟದ್ದು ನಿಕಲ್‌ನ ಅವಿವೇಕವನ್ನು. ಅದು ಎಲ್ಲ ದ್ವಿಬಂಧಗಳಿಗೂ ಜಲಜನಕವನ್ನು ಸೇರಿಸಿ ಮುಗಿಸುವುದಿಲ್ಲ. ಕೆಲವನ್ನು ಹಿಡಿದು, ತಿರುಚಿ, ಹಾಗೆಯೇ ಬಿಟ್ಟುಬಿಡುತ್ತದೆ. ಹಾಗೆ ತಿರುಚಿದ ಕೊಬ್ಬೇ ಇಂದು ನಾವು ಹೃದಯಕ್ಕೆ ಕೆಟ್ಟದ್ದೆನ್ನುವ ಟ್ರಾನ್ಸ್ ಕೊಬ್ಬು. ನಮ್ಮ ದೇಶದಲ್ಲಿ 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಅದು ಶೇಕಡಾ 2ನ್ನು ಮೀರಬಾರದೆಂಬ ನಿಯಮವಿದೆ. ಜಲಜನಕವನ್ನು ಸೇರಿಸುವುದೊಂದೇ ಸಾಲದು. ಎಲ್ಲಿ, ಯಾವ ಬದಿಯಿಂದ ಸೇರಿಸಬೇಕೆಂಬ ವಿವೇಚನೆಯೂ ಬೇಕು. ಇದನ್ನು ನಾನು ಕಲಿತದ್ದು ನಿವೃತ್ತಿಯ ನಂತರ, ಅಣ್ಣನ ಮನೆಯ ಜಗಲಿಯ ಮೇಲೆ.

2005ರ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ಅಣ್ಣ ಮೆಲ್ಲನೆ ಕೇಳಿದ್ದ: "ನಸುಗುನ್ನಿ ಬೀಜದ ಪುಡಿ ಈ ನಡುಕಕ್ಕೆ ಒಳ್ಳೆಯದಂತೆ. ನೀನು ಏನು ಹೇಳುತ್ತೀ?"

ನಸುಗುನ್ನಿಯನ್ನು ಮಲೆನಾಡಿನವರಿಗೆ ಪರಿಚಯಿಸಬೇಕಾಗಿಲ್ಲ. ಬೇಲಿಯ ಮೇಲೆ ಹಬ್ಬುವ ಆ ಬಳ್ಳಿಯ ಕಾಯಿಗೆ ಕಂದು ಬಣ್ಣದ ತುಪ್ಪಳದಂತಹ ರೋಮಗಳಿರುತ್ತವೆ. ಮೈಗೆ ಸೋಕಿದರೆ ಪ್ರಾಣ ಹೋಗುವಷ್ಟು ತುರಿಕೆ. ಮಂಗಕ್ಕೂ ತುರಿಸುವುದರಿಂದ ಸಂಸ್ಕೃತದಲ್ಲಿ ಅದು ಕಪಿಕಚ್ಛು. ಚಿಕ್ಕಂದಿನಲ್ಲಿ ನಾನು ಅದರ ಬೇಲಿಗೆ ಬಿದ್ದು ಊರಿಗೇ ಕೇಳುವಂತೆ ಅತ್ತಾಗ, ಮೈಗೆಲ್ಲ ಸೆಗಣಿ ಬಳಿದು ಹಳ್ಳದಲ್ಲಿ ಮೀಯಿಸಿದವನು ಅಣ್ಣನೇ. ಮುಂದೆ ನಾನು ಮೇಷ್ಟರಾದ ಮೇಲೆ ನನ್ನ ಕುರ್ಚಿಯ ಮೇಲೆ ಅದೇ ರೋಮಗಳನ್ನು ಉದುರಿಸಿದ ಮಹನೀಯರೂ ಇದನ್ನು ಓದುತ್ತಿರಬಹುದು. ಅವರನ್ನು ಕ್ಷಮಿಸಿ ಬಹಳ ವರ್ಷಗಳಾದವು.

ಅಣ್ಣನ ಪ್ರಶ್ನೆಗೆ ನಾನು ನಕ್ಕೆ. "ತುರಿಕೆಯ ಬಳ್ಳಿಯಿಂದ ನಡುಕ ಹೋಗುವುದಾದರೆ ಔಷಧದ ಕಾರ್ಖಾನೆಗಳೆಲ್ಲ ಬಾಗಿಲು ಹಾಕಬೇಕಿತ್ತು. ವಿಜ್ಞಾನದ ಮೇಷ್ಟರ ಅಣ್ಣನಾಗಿ ಹೀಗೆ ಕೇಳುತ್ತೀಯಲ್ಲ" ಎಂದೆ. ಅಣ್ಣ ಏನೂ ಹೇಳಲಿಲ್ಲ. ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದ.

ಮರುವರ್ಷ ದೀಪಾವಳಿಗೆ ಹೋದಾಗ ಅವನನ್ನು ಕಂಡು ಗಾಬರಿಯಾಯಿತು. ನಡುಕ ಕಡಿಮೆಯಾಗಿತ್ತು, ನಿಜ. ಆದರೆ ಕುತ್ತಿಗೆ, ಭುಜ, ಕಾಲುಗಳು ತಮ್ಮಷ್ಟಕ್ಕೆ ತಾವು ಹಾವಿನಂತೆ ಹೊರಳುತ್ತಿದ್ದವು. ಕುಳಿತಲ್ಲಿ ಕುಳಿತಿರಲಾಗುತ್ತಿರಲಿಲ್ಲ. ರಾತ್ರಿ ಎದ್ದು, ತೋಟದಲ್ಲಿ ಅಪ್ಪಯ್ಯ ನಿಂತಿದ್ದಾರೆ, ಬಾಗಿಲು ತೆಗೆಯಿರಿ ಎನ್ನುತ್ತಿದ್ದನಂತೆ. ಮರುದಿನವೇ ಮಂಗಳೂರಿಗೆ ಹೊರಟೆವು. ವೈದ್ಯರು ಪರೀಕ್ಷಿಸಿ, ಔಷಧ ಹೆಚ್ಚಾದಾಗ ಹೀಗಾಗುತ್ತದೆ, ಆದರೆ ನಾನು ಬರೆದ ಪ್ರಮಾಣ ಅಷ್ಟಿಲ್ಲ, ಬೇರೇನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿದರು. "ಏನೂ ಇಲ್ಲ" ಎಂದು ಉತ್ತರಿಸಿದವನು ನಾನು. ಅತ್ತಿಗೆ ತಲೆ ತಗ್ಗಿಸಿ ಕುಳಿತಿದ್ದರು. ಒಂದು ನಿಮಿಷದ ಮೇಲೆ ಅವರೇ ಹೇಳಿದರು: ಅಕ್ಕಿಯ ಕಣಜದ ಹಿಂದೆ ಒಂದು ಡಬ್ಬಿಯಿದೆ, ಗುಳಿಗೆಯ ಜೊತೆಗೆ ಬೆಳಿಗ್ಗೆ ಸಂಜೆ ಎರಡೆರಡು ಚಮಚ ನಸುಗುನ್ನಿ ಪುಡಿಯನ್ನು ಹಾಲಿನಲ್ಲಿ ಕುಡಿಯುತ್ತಾರೆ, ಏಳು ತಿಂಗಳಾಯಿತು.

ವೈದ್ಯರು ನಗಲಿಲ್ಲ. "ಅದರಲ್ಲಿಯೂ ಲೆವೊಡೋಪಾವೇ ಇದೆ. ಎರಡೂ ಸೇರಿ ಮಿತಿ ಮೀರಿದೆ" ಎಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅಣ್ಣನನ್ನು ಕೇಳಿದೆ, ನನಗೇಕೆ ಹೇಳಲಿಲ್ಲವೆಂದು. ಆತ ಕಿಟಕಿಯ ಹೊರಗೆ ನೋಡುತ್ತಲೇ, "ನೀನು ನಗುತ್ತೀಯೆಂದು" ಎಂದ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅಮೆರಿಕದಲ್ಲಿ ರಸಾಯನ ವಿಜ್ಞಾನಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಪತ್ರ ಬರೆದು, ಈ ಔಷಧದ ಬಗ್ಗೆ ಸಿಕ್ಕುವುದನ್ನೆಲ್ಲ ಕಳುಹಿಸಲು ಕೇಳಿದೆ. ಅವನು ಕಳುಹಿಸಿದ ಕಾಗದಗಳನ್ನು ಒಂದು ಮಳೆಗಾಲ ಪೂರ್ತಿ ಓದಿದೆ.

ನಾನು ನಕ್ಕಿದ್ದ ಬಳ್ಳಿಯ ಬೀಜದಿಂದ ಲೆವೊಡೋಪಾವನ್ನು 1937ರಷ್ಟು ಹಿಂದೆಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಮದರಾಸಿನಲ್ಲಿ ಬೇರ್ಪಡಿಸಿ ಪ್ರಕಟಿಸಿದ್ದರು. ಅದಕ್ಕೂ ಮೊದಲು, 1913ರಲ್ಲಿ, ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಕುಸ್ ಗುಗ್ಗೆನ್‌ಹೈಮ್ ಅದನ್ನು ಒಂದು ಬಗೆಯ ಅವರೆಯ ಜಾತಿಯ ಕಾಳಿನಿಂದ ತೆಗೆದು, ತಾನೇ ಎರಡೂವರೆ ಗ್ರಾಂ ನುಂಗಿ ವಾಂತಿ ಮಾಡಿಕೊಂಡಿದ್ದ. ಅದು ಯಾವುದಕ್ಕೆ ಉಪಯೋಗವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿದದ್ದು 1957ರಲ್ಲಿ, ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್‌ನ ಮೊಲಗಳಿಂದ. ನಮ್ಮ ಸರ್ಪಗಂಧದ ಬೇರಿನಿಂದ ಬರುವ ರೆಸರ್ಪಿನ್ ಎಂಬ ಔಷಧವನ್ನು ಕೊಟ್ಟಾಗ ಮೊಲಗಳು ಅಲುಗಾಡದೆ ಕುಳಿತುಬಿಟ್ಟವು. ಡೋಪಾ ಚುಚ್ಚಿದೊಡನೆ ಕಿವಿ ನಿಮಿರಿಸಿ ಓಡಾಡತೊಡಗಿದವು. ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ವಸ್ತು ಬಹಳ ಕಡಿಮೆಯಾಗಿರುತ್ತದೆಂಬುದು 1960ರಲ್ಲಿ ವಿಯೆನ್ನಾದಲ್ಲಿ ಗೊತ್ತಾಯಿತು. ಡೋಪಮೈನನ್ನೇ ನುಂಗಿದರೆ ಅದು ರಕ್ತದಿಂದ ಮೆದುಳಿಗೆ ದಾಟಲಾರದು. ಡೋಪಾ ದಾಟಬಲ್ಲದು, ದಾಟಿದ ಮೇಲೆ ಅಲ್ಲಿಯೇ ಡೋಪಮೈನ್ ಆಗುತ್ತದೆ. ಇಷ್ಟೇ ಈ ಔಷಧದ ಗುಟ್ಟು.

ಆದರೆ ಡೋಪಾದಲ್ಲಿ ಎರಡು ಬಗೆ. ಇಲ್ಲಿಂದ ಮುಂದಿನದನ್ನು ನಾನು ಅಣ್ಣನಿಗೆ ಹೇಳಿದಂತೆಯೇ ಹೇಳುತ್ತೇನೆ.

ಅಂದು ಜಗಲಿಯ ಮೆಟ್ಟಿಲ ಕೆಳಗೆ ಅವನ ಒಂದು ಜೊತೆ ಚಪ್ಪಲಿಗಳಿದ್ದವು. "ಅಣ್ಣ, ಈ ಎರಡನ್ನೂ ನೋಡು. ತೂಕ ಒಂದೇ, ಚರ್ಮ ಒಂದೇ, ಉಂಗುಷ್ಠ ಒಂದೇ. ಕನ್ನಡಿಯಲ್ಲಿ ಒಂದರ ಬಿಂಬ ಇನ್ನೊಂದರಂತಿದೆ. ಆದರೂ ಕತ್ತಲಲ್ಲಿ ಎಡಗಾಲಿಗೆ ಬಲಗಾಲಿನದನ್ನು ಹಾಕಿಕೊಂಡರೆ ಒಂದು ಹೆಜ್ಜೆ ಇಡುವಷ್ಟರಲ್ಲಿ ತಿಳಿಯುತ್ತದೆ. ಅಣುಗಳಲ್ಲಿಯೂ ಹೀಗೆ ಎಡದ್ದು, ಬಲದ್ದು ಎಂದಿವೆ" ಎಂದೆ. 1848ರಲ್ಲಿ ಲೂಯಿ ಪಾಶ್ಚರ್ ದ್ರಾಕ್ಷಾರಸದ ಪೀಪಾಯಿಯಲ್ಲಿ ದೊರೆಯುವ ಆಮ್ಲದ ಲವಣದಲ್ಲಿ ಎಡ ಮತ್ತು ಬಲ ರೂಪದ ಹರಳುಗಳನ್ನು ಕೈಯಿಂದ ಆರಿಸಿ ಬೇರೆ ಮಾಡಿದ ಕಥೆಯನ್ನೂ ಹೇಳಿದೆ. ನಮ್ಮ ಶರೀರ ಬಳಸುವುದು ಡೋಪಾದ ಎಡ ರೂಪವನ್ನು ಮಾತ್ರ. ಲೆವೊ ಎಂದರೆ ಎಡ. ಬಳ್ಳಿ ತನ್ನ ಬೀಜದಲ್ಲಿ ಕಟ್ಟುವುದೂ ಎಡದ್ದನ್ನೇ. ಆದರೆ ಪ್ರಯೋಗಶಾಲೆಯ ಪಾತ್ರೆಯಲ್ಲಿ ಸಾಮಾನ್ಯ ರೀತಿಯಿಂದ ತಯಾರಿಸಿದರೆ ಅರ್ಧ ಎಡ, ಅರ್ಧ ಬಲ.

"ಬಲದ್ದಿದ್ದರೆ ಏನಾಯಿತು? ಸುಮ್ಮನೆ ಬಿದ್ದಿರುತ್ತದೆ" ಎಂದ ಅಣ್ಣ.

ಸುಮ್ಮನಿರುವುದಿಲ್ಲ. ಅಮೆರಿಕದ ಜಾರ್ಜ್ ಕೋಟ್ಜಿಯಾಸ್ 1967ರಲ್ಲಿ ಮೊದಲ ಬಾರಿಗೆ ರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಡೋಪಾ ಕೊಟ್ಟು ಯಶಸ್ಸು ಕಂಡಾಗ ಬಳಸಿದ್ದು ಎರಡೂ ರೂಪಗಳ ಮಿಶ್ರಣವನ್ನು. ಕೆಲವು ರೋಗಿಗಳ ರಕ್ತದಲ್ಲಿ ಬಿಳಿಯ ಕಣಗಳು ಕಡಿಮೆಯಾದವು. ಎಡದ್ದನ್ನು ಮಾತ್ರ ಕೊಡತೊಡಗಿದ ಮೇಲೆ ಕಡಿಮೆ ಪ್ರಮಾಣವೇ ಸಾಕಾಯಿತು, ಆ ತೊಂದರೆಯೂ ಕಾಡಲಿಲ್ಲ. 1970ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಲಕ್ಷಾಂತರ ರೋಗಿಗಳಿಗೆ ಬೇಕು. ಆದರೆ ಎಡ ಬಲ ಬೆರೆತದ್ದನ್ನು ತಯಾರಿಸಿ, ಹರಳುಗಟ್ಟಿಸಿ, ಬಲದ್ದನ್ನು ಬೇರ್ಪಡಿಸುವುದು ದುಬಾರಿಯ ಕೆಲಸ.

ಈ ಸಮಯಕ್ಕೆ ಸರಿಯಾಗಿ ಉತ್ತರ ಕಂಡುಕೊಂಡವನು ಸೇಂಟ್ ಲೂಯಿಸ್ ನಗರದ ಮಾನ್ಸಾಂಟೊ ಕಂಪನಿಯಲ್ಲಿದ್ದ ವಿಲಿಯಂ ನೋಲ್ಸ್. ಡೋಪಾ ತಯಾರಿಕೆಯ ದಾರಿಯಲ್ಲಿ ಒಂದು ಹಂತ ಬರುತ್ತದೆ. ಅಲ್ಲಿರುವ ಅಣುವಿನಲ್ಲಿ ಒಂದು ದ್ವಿಬಂಧವಿದೆ; ಆ ಭಾಗ ಬಾಳೆಲೆಯಂತೆ ಚಪ್ಪಟೆ. ಎಲೆಯ ಮೇಲಿನ ಬದಿಯಿಂದ ಜಲಜನಕ ಸೇರಿದರೆ ಎಡ ರೂಪ, ಅಡಿಯಿಂದ ಸೇರಿದರೆ ಬಲ ರೂಪ. ನಿಕಲ್‌ನಂತಹ ಲೋಹದ ಪುಡಿಗೆ ಎಲೆಯ ಎರಡು ಬದಿಗಳೂ ಒಂದೇ. ಹಾಗಾದರೆ ಒಂದೇ ಬದಿಗೆ ಬಡಿಸುವ ಲೋಹವುಂಟೆ?

1960ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ಜೆಫ್ರಿ ವಿಲ್ಕಿನ್ಸನ್ ಹೊಸ ಬಗೆಯ ಕ್ರಿಯಾವರ್ಧಕವನ್ನು ತಯಾರಿಸಿದ್ದ. ಅದು ಪುಡಿಯಲ್ಲ, ದ್ರಾವಣದಲ್ಲಿ ಕರಗುವಂತಹದು. ಒಂದು ರೋಡಿಯಮ್ ಪರಮಾಣು, ಅದರ ಸುತ್ತ ರಂಜಕದ ಪರಮಾಣುವನ್ನುಳ್ಳ ಮೂರು ಗುಂಪುಗಳು. ನೋಲ್ಸ್‌ಗೆ ಹೊಳೆದದ್ದು ಇಷ್ಟು: ಆ ರಂಜಕಕ್ಕೆ ಅಂಟಿಕೊಂಡ ಮೂರು ಕೊಂಬೆಗಳು ಮೂರು ಬಗೆಯವಾದರೆ ಅದಕ್ಕೆ ತನ್ನದೇ ಆದ ಎಡ ಬಲ ಬರುತ್ತದೆ, ಅಂತಹ ರಂಜಕವನ್ನು ಲೋಹಕ್ಕೆ ಜೋಡಿಸಿದರೆ ಲೋಹಕ್ಕೂ ಎಡ ಬಲ ತಿಳಿಯಬಹುದು. 1968ರಲ್ಲಿ ಸಬಾಕಿ ಎಂಬ ಸಹೋದ್ಯೋಗಿಯೊಡನೆ ಮಾಡಿ ನೋಡಿದ. ಸಿಕ್ಕಿದ ಫಲ ಶೇಕಡಾ 15. ಅಂದರೆ ನೂರು ಅಣುಗಳಲ್ಲಿ ಸುಮಾರು 57 ಒಂದು ಬಗೆ, 43 ಇನ್ನೊಂದು ಬಗೆ. ಮಾರುಕಟ್ಟೆಯ ದೃಷ್ಟಿಯಿಂದ ಅದಕ್ಕೆ ಬೆಲೆಯಿಲ್ಲ. ಆದರೆ ಆತ ಅದನ್ನು ಸೋಲೆಂದು ಬಗೆಯಲಿಲ್ಲ. ಐವತ್ತು ಐವತ್ತರ ಸಮತೋಲ ತಪ್ಪಿದೆಯೆಂದರೆ ಲೋಹ ವಿವೇಚನೆಯನ್ನು ಕಲಿಯತೊಡಗಿದೆ ಎಂದರ್ಥ. ರಂಜಕದ ಕೊಂಬೆಗಳನ್ನು ಬದಲಿಸುತ್ತ ಹೋದ. ಫಲ 88ಕ್ಕೆ ಏರಿತು, ಕೊನೆಗೆ ಎರಡು ರಂಜಕಗಳನ್ನು ಜೋಡಿಸಿದ ಡೈಪ್ಯಾಂಪ್ ಎಂಬುದರಿಂದ 95ಕ್ಕೆ ಮುಟ್ಟಿತು. ನೂರಕ್ಕೆ 97ಕ್ಕೂ ಮೇಲ್ಪಟ್ಟು ಬೇಕಾದ ರೂಪವೇ. ಉಳಿದ ಅಲ್ಪವನ್ನು ಹರಳುಗಟ್ಟಿಸಿ ತೆಗೆಯುವುದು ಸುಲಭ.

ಹದಿನೈದು ಅಂಕ ತೆಗೆದ ಎಷ್ಟು ಹುಡುಗರಿಗೆ ನಾನು "ವಿಜ್ಞಾನ ನಿನಗೆ ಹೇಳಿಸಿದ್ದಲ್ಲ" ಎಂದಿದ್ದೆನೋ ಲೆಕ್ಕವಿಲ್ಲ. ಹಾಗೆ ಕೇಳಿಸಿಕೊಂಡವರು ಇದನ್ನು ಓದುತ್ತಿದ್ದರೆ, ಆ ಮಾತನ್ನು ಈಗ ಹಿಂದಕ್ಕೆ ಪಡೆಯುತ್ತೇನೆ.

ಆ ಲೋಹ ಹೇಗೆ ಆರಿಸುತ್ತದೆಂಬುದೂ ಸ್ವಾರಸ್ಯದ ಸಂಗತಿ. ಅಣು ಒಂದು ಕಡೆ ದ್ವಿಬಂಧದಿಂದ, ಇನ್ನೊಂದು ಕಡೆ ತನ್ನ ಆಮ್ಲಜನಕದಿಂದ, ಹೀಗೆ ಎರಡು ಕೈಗಳಿಂದ ರೋಡಿಯಮನ್ನು ಹಿಡಿಯುತ್ತದೆ. ಯಾವ ಬದಿ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆಯೋ ಅದೇ ಹೆಚ್ಚು ಫಲ ಕೊಡುತ್ತದೆಂದು ಯಾರಾದರೂ ಊಹಿಸಿಯಾರು. ಷಿಕಾಗೋದ ಜಾಕ್ ಹಾಲ್ಪರ್ನ್ 1980ರ ದಶಕದಲ್ಲಿ ತೋರಿಸಿದ್ದು ಅದಕ್ಕೆ ವಿರುದ್ಧವಾದುದನ್ನು. ಗಟ್ಟಿಯಾಗಿ ಹಿಡಿದವು ಹೆಚ್ಚು ಸಂಖ್ಯೆಯಲ್ಲಿದ್ದರೂ ಅಲ್ಲಿಯೇ ಜಡವಾಗಿ ಉಳಿಯುತ್ತವೆ. ಸಡಿಲವಾಗಿ ಹಿಡಿದ ಕೆಲವೇ ಅಣುಗಳು ಬಹಳ ಬೇಗ ಜಲಜನಕವನ್ನು ಪಡೆದು ಹೊರಬೀಳುತ್ತವೆ, ಆ ಸ್ಥಳಕ್ಕೆ ಇನ್ನೊಂದು ಬರುತ್ತದೆ. ದೊರೆಯುವ ಫಲದ ಬಹುಭಾಗ ಇವುಗಳಿಂದಲೇ. ರೋಡಿಯಮ್ ಬಹಳ ಬೆಲೆಯ ಲೋಹ. ಆದರೆ ಅದರ ಒಂದು ಪರಮಾಣು ಹೀಗೆ ಸಾವಿರಾರು ಅಣುಗಳಿಗೆ ಜಲಜನಕವನ್ನು ಉಣಿಸುವುದರಿಂದ ಚಿಟಿಕೆಯಷ್ಟು ಸಾಕು.

ನೋಲ್ಸ್‌ನ ವಿಧಾನದಲ್ಲಿ ಆರಂಭದ ವಸ್ತು ವೆನಿಲಿನ್. ಆಗ ನಮ್ಮ ತೋಟದಲ್ಲಿಯೂ, ಮಲೆನಾಡಿನ ಎಷ್ಟೋ ತೋಟಗಳಂತೆ, ವೆನಿಲ್ಲಾ ಬಳ್ಳಿಯಿತ್ತು. ಬೆಲೆ ಏರಿದಾಗ ನೆಟ್ಟದ್ದು, ಕುಸಿದ ಮೇಲೆ ದಿಕ್ಕಿಲ್ಲದೆ ಹಬ್ಬಿತ್ತು. ಆ ಕೋಡಿನ ಪರಿಮಳವೇ ವೆನಿಲಿನ್. ಕಾರ್ಖಾನೆಯವರು ಬಳಸುವುದು ಕೃತಕವಾಗಿ ತಯಾರಿಸಿದ್ದನ್ನು. "ಅಂತೂ ನಿಮ್ಮ ಗುಳಿಗೆಯೂ ಬಳ್ಳಿಯ ವಾಸನೆಯಿಂದಲೇ ಹೊರಟದ್ದು" ಎಂದು ಅಣ್ಣ ನಕ್ಕ. 1974ರ ಹೊತ್ತಿಗೆ ಈ ರೀತಿಯಿಂದ ಲೆವೊಡೋಪಾ ತಯಾರಿಕೆ ಕಾರ್ಖಾನೆಯಲ್ಲಿ ನಡೆಯುತ್ತಿತ್ತು. ಒಂದು ಲೋಹಕ್ಕೆ ಎಡ ಬಲಗಳನ್ನು ಕಲಿಸಿ ಕಾರ್ಖಾನೆಯ ಮಟ್ಟದಲ್ಲಿ ಔಷಧ ತಯಾರಿಸಿದ್ದು ಅದೇ ಮೊದಲು. ಈಚೆಗೆ ಕಿಣ್ವಗಳಿಂದಲೂ ಅದನ್ನು ತಯಾರಿಸುತ್ತಾರೆ. 2001ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧವನ್ನು ನೋಲ್ಸ್ ಮತ್ತು ಜಪಾನಿನ ರ‍್ಯೋಜಿ ನೊಯೊರಿ ಹಂಚಿಕೊಂಡರು. ನೋಲ್ಸ್ ನಿವೃತ್ತನಾಗಿ ಆಗಲೇ ಹದಿನೈದು ವರ್ಷಗಳಾಗಿದ್ದವು. ಅವನ ವಯಸ್ಸು 84. ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿ, "ನೋಡಿ, ಜಲಜನಕ ಸೇರಿಸುವುದಕ್ಕೂ ನೊಬೆಲ್ ಬಂದಿದೆ" ಎಂದು ತರಗತಿಯಲ್ಲಿ ಹೇಳಿ ವನಸ್ಪತಿಯ ಪಾಠಕ್ಕೆ ಮರಳಿದ್ದೆ. ಅದು ನನ್ನ ಅಣ್ಣನ ಅಂಗಿಯ ಕಿಸೆಯಲ್ಲಿದ್ದ ಗುಳಿಗೆಯ ಸುದ್ದಿಯೆಂದು ತಿಳಿಯುವಷ್ಟು ಮುಂದೆ ಓದಿರಲಿಲ್ಲ.

ಎಲ್ಲವನ್ನೂ ಕೇಳಿ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಹಾಗಾದರೆ ನಮ್ಮ ಬೇಲಿಯ ಬಳ್ಳಿಗೆ ಮೊದಲೇ ಗೊತ್ತಿದ್ದುದನ್ನು ಕಲಿಯಲು ನಿಮಗೆಲ್ಲ ಇಷ್ಟು ವರ್ಷ ಬೇಕಾಯಿತೇ, ಮೇಷ್ಟ್ರೇ?"

"ಹೌದು ಅಣ್ಣ. ನಾನು ನಕ್ಕದ್ದು ತಪ್ಪು" ಎಂದೆ. "ಬೀಜದಲ್ಲಿರುವ ಅಣುವೂ ಗುಳಿಗೆಯಲ್ಲಿರುವ ಅಣುವೂ ಒಂದೇ. ಬಳ್ಳಿಯದು ಹೆಚ್ಚು ಪವಿತ್ರವೂ ಅಲ್ಲ, ಕಾರ್ಖಾನೆಯದು ಹೆಚ್ಚು ವಿಷವೂ ಅಲ್ಲ. ಆದರೆ ಬಳ್ಳಿಗೆ ನಿನ್ನ ಅಳತೆ ಗೊತ್ತಿಲ್ಲ."

ಅಳತೆಯ ಮಾತನ್ನು ತೋಟದವನಿಗೆ ವಿವರಿಸಬೇಕಾಗಿರಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವುದರಲ್ಲಿ ಊರಿನಲ್ಲಿಯೇ ಅಣ್ಣ ಎತ್ತಿದ ಕೈ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದ. ಅದರ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಹೊಡೆದರೆ ಗೊನೆ ಸುಡುತ್ತದೆ. "ಒಂದು ಬೀಜದಲ್ಲಿ ಔಷಧ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕತ್ತಿ ಅದ್ದಿ ನೋಡುವ ಉಪಾಯ ನಮ್ಮ ಬಳಿ ಇಲ್ಲ. ಅದೂ ಅಲ್ಲದೆ ಗುಳಿಗೆಯಲ್ಲಿ ಕಾರ್ಬಿಡೋಪಾ ಎಂಬ ಇನ್ನೊಂದು ಔಷಧವಿದೆ. ಡೋಪಾ ಮೆದುಳನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಖರ್ಚಾಗದಂತೆ ಅದು ಕಾಯುತ್ತದೆ. ನೀನು ಹಾಲಿನಲ್ಲಿ ಕುಡಿದ ಪುಡಿಗೂ ಅದರ ಕಾವಲು ಸಿಕ್ಕಿದೆ. ಅದಕ್ಕೇ ಅಷ್ಟು ಏರಿದ್ದು" ಎಂದೆ.

ಅಣ್ಣ ತಲೆದೂಗಿದ. "ಇಷ್ಟನ್ನು ಹೋದ ವರ್ಷವೇ ಹೇಳಿದ್ದರೆ ಕಣಜದ ಹಿಂದೆ ಡಬ್ಬಿ ಇಡುತ್ತಿರಲಿಲ್ಲ" ಎಂದ. ಹೋದ ವರ್ಷ ನನಗೆ ಇದಾವುದೂ ಗೊತ್ತಿರಲಿಲ್ಲವೆಂದು ಒಪ್ಪಿಕೊಂಡೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಒಂದು ವಾಕ್ಯವನ್ನು ಹೇಳುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. "ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎಂದು 2005ರಲ್ಲಿಯೇ ಅಂದಿದ್ದರೆ ಅವನು ಏಳು ತಿಂಗಳು ಕದ್ದು ಔಷಧ ಕುಡಿಯುತ್ತಿರಲಿಲ್ಲ, ಇರುಳು ಎದ್ದು ಅಪ್ಪಯ್ಯನನ್ನು ಕರೆಯುತ್ತಿರಲಿಲ್ಲ.

ವೈದ್ಯರ ಸಲಹೆಯಂತೆ ಪುಡಿಯನ್ನು ಬಿಡಿಸಿದ ಮೇಲೆ ಕೆಲವು ವಾರಗಳಲ್ಲಿ ಹೊರಳಾಟ ಕಡಿಮೆಯಾಗಿತ್ತು, ರಾತ್ರಿಯ ಭ್ರಮೆಗಳೂ ನಿಂತಿದ್ದವು. ಗುಳಿಗೆಯನ್ನು ಸಣ್ಣ ಸಣ್ಣ ಪಾಲು ಮಾಡಿ ದಿನಕ್ಕೆ ಐದು ಬಾರಿ ಕೊಡುವ ಏರ್ಪಾಡಾಯಿತು. ವೇಳೆ ತಪ್ಪದಂತೆ ನೋಡಿಕೊಂಡವರು ಅತ್ತಿಗೆ. ಈ ಔಷಧ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮೆದುಳಿನ ಕೋಶಗಳು ಸಾಯುವುದು ನಿಲ್ಲುವುದಿಲ್ಲ. ಕೊರತೆಯನ್ನು ಹೊರಗಿನಿಂದ ತುಂಬುತ್ತದೆ, ಅಷ್ಟೇ. ಆ ತುಂಬುವಿಕೆ ಅಣ್ಣನಿಗೆ ಹದಿನೈದು ವರ್ಷ ದೊರೆಯಿತು. ಅಷ್ಟರಲ್ಲಿ ಎರಡು ಮಕ್ಕಳ ಮದುವೆಯ ಲಗ್ನಪತ್ರಿಕೆಯನ್ನು ತನ್ನ ಕೈಯಿಂದಲೇ ಬರೆದ. 2012ರ ಶ್ರಾವಣದಲ್ಲಿ ತೀರಿಕೊಂಡ. ನೋಲ್ಸ್ ತೀರಿಕೊಂಡದ್ದೂ ಅದೇ ವರ್ಷ ಜೂನ್‌ನಲ್ಲಿ.

ಕಟ್ಟಿನ ಕೊನೆಯ ಕಾರ್ಡು 2011ರದು. ಅಕ್ಷರ ಮತ್ತೆ ಇರುವೆಯಷ್ಟಾಗಿದೆ. ಭೂತಕನ್ನಡಿ ಹಿಡಿದು ಓದಿದೆ. ಮಳೆ ಹಿಡಿದಿದೆ, ಮೊದಲ ಬೋರ್ಡೋ ಆಯಿತು, ಅಡಿಕೆಗೆ ರೋಗವಿಲ್ಲ. ಕೊನೆಯ ಸಾಲು: "ಗುಳಿಗೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೇನೆ. ಚಪ್ಪಲಿಯೂ ಸರಿಯಾದ ಕಾಲಿಗೇ ಇದೆ. ಚಿಂತಿಸಬೇಡ."

ಕಾರ್ಡುಗಳನ್ನು ಒಲೆಗೆ ಹಾಕಲಿಲ್ಲ. ಹೊಸ ಹಾಳೆಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ.

ಓದುವ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗ ತಂದೆ ತಾಯಿಯರಿಗೆ ವಯಸ್ಸಾಗಿರುತ್ತದೆ. ಅವರಲ್ಲಿ ಯಾರಾದರೂ ಬೇರು, ಕಾಯಿ, ಪುಡಿಗಳ ಮಾತೆತ್ತಿದರೆ ದಯವಿಟ್ಟು ನಗಬೇಡಿ. ಕೇಳಿ, ವಿಚಾರಿಸಿ, ಅವರ ವೈದ್ಯರಿಗೂ ತಿಳಿಸಿ. ಹಾಗೆಯೇ ನಿಮ್ಮ ಮನೆಯ ಅಕ್ಕಿಯ ಡಬ್ಬಿಯ ಹಿಂದೆಯೂ ಒಮ್ಮೆ ನೋಡಿ.